ಚಂಡೀಗಢ ಕುರ್ಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಪೀಠೋಪಕರಣ, ಮರಗೆಲಸ ಮತ್ತು ಆಧುನಿಕ ವಾಸ್ತುಶಿಲ್ಪದಲ್ಲಿ ಆಸಕ್ತಿಯುಳ್ಳವರು ಚಂಡೀಗಢದ ತೇಗ-ಬೆತ್ತದ ಕುರ್ಚಿಯ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕೊಳ್ಳಲು ಹೊರಟವರಿಗೂ ಬರಿಯ ಕುತೂಹಲದಿಂದ ಓದುವವರಿಗೂ ಬೇಕಾಗುವ ವಿವರಗಳು ಬೇರೆಬೇರೆಯಾದ್ದರಿಂದ ಕೆಲವು ಉತ್ತರಗಳು ಉದ್ದವಾಗಿವೆ.

ಚಂಡೀಗಢ ಕುರ್ಚಿ ಎಂದರೆ ನಿರ್ದಿಷ್ಟವಾಗಿ ಯಾವ ಕುರ್ಚಿ?

ಅದು ಒಂದೇ ಕುರ್ಚಿಯ ಹೆಸರಲ್ಲ. 1950ರ ದಶಕದ ಆರಂಭದಿಂದ 1960ರ ದಶಕದ ನಡುಭಾಗದವರೆಗೆ ಚಂಡೀಗಢದ ಸರ್ಕಾರಿ ಕಟ್ಟಡಗಳಿಗಾಗಿ ಮಾಡಿಸಿದ ಹತ್ತಾರು ಬಗೆಯ ಆಸನಗಳನ್ನು ಒಟ್ಟಾಗಿ ಈ ಹೆಸರಿನಿಂದ ಕರೆಯುವ ರೂಢಿ ಬಂದಿದೆ. ಆದರೂ ಇಂದು ಯಾರಾದರೂ ಈ ಹೆಸರು ಹೇಳಿದರೆ ಕಣ್ಣ ಮುಂದೆ ಬರುವುದು ಕಚೇರಿ ಬಳಕೆಯ, ಕೈಯಿರುವ ಕುರ್ಚಿ. ಅದರ ಎರಡೂ ಪಕ್ಕಗಳಲ್ಲಿ ತಲೆಕೆಳಗಾದ ‘ವಿ’ ಅಕ್ಷರದಂತೆ ಕಾಲಗಲಿಸಿ ನಿಂತ ದಪ್ಪನೆಯ ಮರದ ಕಾಲುಗಳಿರುತ್ತವೆ. ಆ ಕಾಲುಗಳ ನೆತ್ತಿಯ ಮೇಲೆ ಅಂಗೈ ಊರುವಷ್ಟು ಅಗಲದ ಕೈ ಕೂತಿರುತ್ತದೆ. ಎರಡು ಪಕ್ಕಗಳ ನಡುವೆ ಬೆತ್ತ ಹೆಣೆದ ಆಸನವೂ ಅದೇ ಹೆಣಿಗೆಯ ಒರಗೂ ಇರುತ್ತವೆ. ಕೆಲವು ಬಗೆಗಳಲ್ಲಿ ಒರಗು ಆಸನವನ್ನು ಮುಟ್ಟುವುದೇ ಇಲ್ಲ. ನಡುವೆ ಕೈ ತೂರಿಸುವಷ್ಟು ಜಾಗ ಖಾಲಿ ಬಿಟ್ಟಿರುವುದರಿಂದ ಹಿಂದಿನಿಂದ ನೋಡಿದವರಿಗೆ ಒರಗು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಹರಾಜುಪಟ್ಟಿಗಳಲ್ಲಿ ಇದಕ್ಕೆ ‘ಪಿಜೆ-ಎಸ್‌ಐ-28-ಎ’ ಎಂಬಂಥ ಸಂಕೇತಗಳಿರುತ್ತವೆ. ‘ಪಿಜೆ’ ಎಂದರೆ ಈ ಕುರ್ಚಿಗಳ ಕೆಲಸ ನೋಡಿಕೊಂಡ ವಾಸ್ತುಶಿಲ್ಪಿ ಪಿಯೇರ್ ಜನ್ನರೆ. ‘ಎಸ್‌ಐ’ ಎನ್ನುವುದು ಆಸನ ಎಂಬ ಅರ್ಥದ ಫ್ರೆಂಚ್ ಪದದ ಮೊದಲೆರಡು ಅಕ್ಷರ. ಈ ಸಂಖ್ಯೆಗಳು ಚಂಡೀಗಢದ ಯಾವ ಕಚೇರಿಯಲ್ಲೂ ಬಳಕೆಯಲ್ಲಿರಲಿಲ್ಲ. ಅವು ಎಷ್ಟೋ ವರ್ಷಗಳ ಮೇಲೆ, ಕುರ್ಚಿಗಳು ಪ್ಯಾರಿಸ್‌ಗೆ ಹೋದ ನಂತರ, ಅಲ್ಲಿನ ವ್ಯಾಪಾರಿಗಳು ಪಟ್ಟಿ ಮಾಡುವಾಗ ಕೊಟ್ಟ ಹೆಸರುಗಳು. ಕುರ್ಚಿ ಹುಟ್ಟಿದ ಊರಿನಲ್ಲಿ ಅದು ಬರೀ ‘ಕುರ್ಸಿ’.

ಒಂದು ನಗರಕ್ಕೆ ತನ್ನದೇ ಕುರ್ಚಿ ಬೇಕಾದದ್ದು ಏಕೆ?

1947ರ ವಿಭಜನೆಯಲ್ಲಿ ಪಂಜಾಬಿನ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಭಾರತದ ಪಾಲಿನ ಪಂಜಾಬಿಗೆ ಹೈಕೋರ್ಟಾಗಲಿ, ಸಚಿವಾಲಯವಾಗಲಿ, ವಿಶ್ವವಿದ್ಯಾಲಯದ ಕಟ್ಟಡವಾಗಲಿ ಉಳಿಯಲಿಲ್ಲ. ಶಿವಾಲಿಕ್ ಬೆಟ್ಟಗಳ ತಪ್ಪಲಿನಲ್ಲಿ ಹೊಸ ಊರನ್ನೇ ಕಟ್ಟಲು ತೀರ್ಮಾನವಾದಾಗ ಮೊದಲು ಯೋಜನೆ ಕೈಗೆತ್ತಿಕೊಂಡವರು ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಪೋಲೆಂಡ್ ಮೂಲದ ಮಾಚೇಯ್ ನೊವಿಟ್ಸ್ಕಿ. 1950ರ ಆಗಸ್ಟ್‌ನಲ್ಲಿ ನೊವಿಟ್ಸ್ಕಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆ ವರ್ಷದ ಕೊನೆಯಲ್ಲಿ ಪಂಜಾಬ್ ಸರ್ಕಾರದ ಅಧಿಕಾರಿ ಪಿ. ಎನ್. ಥಾಪರ್ ಮತ್ತು ಮುಖ್ಯ ಎಂಜಿನಿಯರ್ ಪಿ. ಎಲ್. ವರ್ಮಾ ಯುರೋಪಿಗೆ ಹೋಗಿ ಪ್ಯಾರಿಸ್‌ನ ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ, ಅವರ ಸಂಬಂಧಿ ಪಿಯೇರ್ ಜನ್ನರೆ, ಲಂಡನ್ನಿನ ವಾಸ್ತುಶಿಲ್ಪಿಗಳಾದ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ದಂಪತಿಯನ್ನು ಒಪ್ಪಿಸಿ ಬಂದರು.

ಮೊದಲ ಹಂತದಲ್ಲಿ ಒಂದೂವರೆ ಲಕ್ಷ, ಮುಂದೆ ಐದು ಲಕ್ಷ ಜನರಿಗೆಂದು ಯೋಜಿಸಿದ ಊರು ಅದು. 1955ರಲ್ಲಿ ಹೈಕೋರ್ಟ್, 1958ರ ಹೊತ್ತಿಗೆ ಸಚಿವಾಲಯ, ಜೊತೆಜೊತೆಗೆ ವಿಶ್ವವಿದ್ಯಾಲಯ, ಗ್ರಂಥಾಲಯ, ಹಾಸ್ಟೆಲ್, ಆಸ್ಪತ್ರೆ ಎಂದು ಸಾಲುಸಾಲಾಗಿ ಕಟ್ಟಡಗಳು ಎದ್ದಾಗ ಅವುಗಳ ಒಳಗೆ ಇಡಲು ಸಾವಿರಗಟ್ಟಲೆ ಮೇಜು-ಕುರ್ಚಿ ಬೇಕಾದವು. ಇಷ್ಟನ್ನು ಪೂರೈಸುವ ಕಾರ್ಖಾನೆ ಹತ್ತಿರದಲ್ಲೆಲ್ಲೂ ಇರಲಿಲ್ಲ; ಹೊರದೇಶದಿಂದ ತರಿಸಲು ಹಣವಿರಲಿಲ್ಲ. ಹೀಗಾಗಿ ಕಟ್ಟಡದ ನಕ್ಷೆ ಬರೆಯುತ್ತಿದ್ದ ಕಚೇರಿಯೇ ಕುರ್ಚಿಯ ನಕ್ಷೆಯನ್ನೂ ಬರೆದು, ಸುತ್ತಮುತ್ತಲಿನ ಬಡಗಿಗಳಿಂದ ಮಾಡಿಸಬೇಕಾಗಿ ಬಂತು. ಕುರ್ಚಿಯ ರೂಪದಲ್ಲಿ ಇಂದು ನಾವು ‘ಶೈಲಿ’ ಎಂದು ಮೆಚ್ಚುವ ಹಲವು ಸಂಗತಿಗಳಿಗೆ ಈ ಅಡಚಣೆಯೇ ಕಾರಣ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಉತ್ತರಗಳು ಸುಲಭವಾಗುತ್ತವೆ.

ಇದು ಲೆ ಕಾರ್ಬೂಸಿಯೆ ಅವರ ಕುರ್ಚಿ ಅಲ್ಲವೇ?

ಅಲ್ಲ. ಗೊಂದಲಕ್ಕೆ ಕಾರಣವಿದೆ. ಲೆ ಕಾರ್ಬೂಸಿಯೆ ಎಂಬುದು ತಾವೇ ಇಟ್ಟುಕೊಂಡ ಹೆಸರು. ಹುಟ್ಟುಹೆಸರು ಶಾರ್ಲ್-ಎದುವಾರ್ ಜನ್ನರೆ. ಆದ್ದರಿಂದ ‘ಜನ್ನರೆ ಕುರ್ಚಿ’ ಎಂದರೂ ಕೆಲವರು ಅವರನ್ನೇ ನೆನೆಯುತ್ತಾರೆ. ಚಂಡೀಗಢದ ಮಟ್ಟಿಗೆ ಅವರು ಮಾಡಿಕೊಂಡ ಒಪ್ಪಂದವೇ ವರ್ಷಕ್ಕೆ ಎರಡು ಸಲ, ಸುಮಾರು ಒಂದೊಂದು ತಿಂಗಳು ಬಂದು ಹೋಗುವುದು. ಊರಿನ ಒಟ್ಟು ನಕ್ಷೆ ಮತ್ತು ಹೈಕೋರ್ಟ್, ಸಚಿವಾಲಯಗಳಿರುವ ಕ್ಯಾಪಿಟಲ್ ಕಾಂಪ್ಲೆಕ್ಸ್‌ನ ದೊಡ್ಡ ಕಟ್ಟಡಗಳು ಅವರವು. ಅಲ್ಲಿನ ಕೆಲವು ವಿಶೇಷ ಪೀಠೋಪಕರಣಗಳಲ್ಲಿ ಅವರ ಪಾಲಿದೆ. ದಿನನಿತ್ಯದ ಕುರ್ಚಿಗಳ ಕೆಲಸ ನಡೆದದ್ದು ಊರಿನಲ್ಲೇ ನೆಲೆಸಿದ್ದ ಪಿಯೇರ್ ಜನ್ನರೆ ಅವರ ಮೇಲ್ವಿಚಾರಣೆಯಲ್ಲಿ.

ಹಾಗಾದರೆ ಪಿಯೇರ್ ಜನ್ನರೆ ಯಾರು?

1896ರ ಮಾರ್ಚ್ 22ರಂದು ಜಿನೀವಾದಲ್ಲಿ ಹುಟ್ಟಿದ ಸ್ವಿಸ್ ವಾಸ್ತುಶಿಲ್ಪಿ. 1922ರಿಂದ ಪ್ಯಾರಿಸ್‌ನಲ್ಲಿ ಲೆ ಕಾರ್ಬೂಸಿಯೆ ಅವರ ಪಾಲುದಾರರಾಗಿದ್ದರು. 1928-29ರಲ್ಲಿ ಇವರಿಬ್ಬರೂ ವಿನ್ಯಾಸಕಿ ಶಾರ್ಲೊಟ್ ಪೆರಿಯಾಂ ಅವರೊಂದಿಗೆ ಸೇರಿ ರೂಪಿಸಿದ ಉಕ್ಕಿನ ಕೊಳವೆಯ ಕುರ್ಚಿಗಳು ಆಧುನಿಕ ಪೀಠೋಪಕರಣದ ಚರಿತ್ರೆಯಲ್ಲಿ ಬಹಳ ಪ್ರಸಿದ್ಧ. 1940ರಲ್ಲಿ ಪಾಲುದಾರಿಕೆ ಮುರಿಯಿತು. ಯುದ್ಧಕಾಲದಲ್ಲಿ ಲೆ ಕಾರ್ಬೂಸಿಯೆ ಜರ್ಮನ್ನರೊಂದಿಗೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಬಾಗಿಲು ತಟ್ಟಿದರೆ ಜನ್ನರೆ ಜರ್ಮನ್ನರ ವಿರುದ್ಧದ ಪ್ರತಿರೋಧ ಚಳವಳಿ ಸೇರಿದರು. ಹತ್ತು ವರ್ಷಗಳ ನಂತರ ಇಬ್ಬರನ್ನೂ ಮತ್ತೆ ಒಂದೇ ಮೇಜಿಗೆ ತಂದದ್ದು ಪಂಜಾಬಿನ ಬಯಲು.

ಮೂರು ವರ್ಷವಿದ್ದು ಫ್ರೈ ಮತ್ತು ಡ್ರೂ ಹೊರಟುಹೋದರು. ಜನ್ನರೆ 1951ರಿಂದ 1965ರವರೆಗೆ ಉಳಿದರು, ಪಂಜಾಬಿನ ಮುಖ್ಯ ವಾಸ್ತುಶಿಲ್ಪಿಯಾದರು, ಪಂಜಾಬ್ ವಿಶ್ವವಿದ್ಯಾಲಯದ ಗಾಂಧಿ ಭವನದಂಥ ಕಟ್ಟಡಗಳನ್ನೂ ಸರ್ಕಾರಿ ನೌಕರರ ಮನೆಗಳನ್ನೂ ವಿನ್ಯಾಸ ಮಾಡಿದರು. ಸೆಕ್ಟರ್ 5ರ (ಚಂಡೀಗಢದ ಬಡಾವಣೆಗಳಿಗೆ ಸೆಕ್ಟರ್ ಎಂದೇ ಹೆಸರು) ತಮ್ಮ ಮನೆಗೆ ಬೇಕಾದ ಸಾಮಾನುಗಳನ್ನು ಬಿದಿರು, ಹಗ್ಗ, ಕಬ್ಬಿಣದ ಸರಳುಗಳಿಂದ ತಾವೇ ಪ್ರಯೋಗ ಮಾಡಿ ರೂಪಿಸಿಕೊಂಡವರು. ಆರೋಗ್ಯ ಕೆಟ್ಟು 1965ರಲ್ಲಿ ಜಿನೀವಾಕ್ಕೆ ಮರಳಿ 1967ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಚಂಡೀಗಢದ ಸುಖನಾ ಕೆರೆಯಲ್ಲಿ ಬಿಡಲಾಯಿತು. ಹದಿನಾಲ್ಕು ವರ್ಷ ಒಂದೂರಿನಲ್ಲಿ ದುಡಿದ ಈ ಮನುಷ್ಯನ ಹೆಸರು ಲೋಕಕ್ಕೆ ಗೊತ್ತಾದದ್ದು ಅವರ ಕಟ್ಟಡಗಳಿಂದಲ್ಲ, ಗುಜರಿಗೆ ಹೋದ ಕುರ್ಚಿಗಳಿಂದ ಎಂಬುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ.

ಎಲ್ಲ ಕುರ್ಚಿಗಳನ್ನೂ ಅವರೊಬ್ಬರೇ ವಿನ್ಯಾಸ ಮಾಡಿದರೇ? ಭಾರತೀಯರ ಪಾಲೇನು?

ಒಬ್ಬರೇ ಮಾಡಲಿಲ್ಲ, ಮಾಡುವುದು ಸಾಧ್ಯವೂ ಇರಲಿಲ್ಲ. ಚಂಡೀಗಢದ ವಾಸ್ತುಶಿಲ್ಪ ಕಚೇರಿಯಲ್ಲಿ ಎಂ. ಎನ್. ಶರ್ಮಾ, ಆದಿತ್ಯ ಪ್ರಕಾಶ್, ಜೀತ್ ಮಲ್ಹೋತ್ರಾ, ಬಿ. ಪಿ. ಮಾಥುರ್ ಮುಂತಾದ ತರುಣ ಭಾರತೀಯ ವಾಸ್ತುಶಿಲ್ಪಿಗಳಿದ್ದರು. ಪೀಠೋಪಕರಣದ ವಿಷಯಕ್ಕೆ ಬಂದರೆ ಎಲ್ಲರಿಗಿಂತ ಮೊದಲು ಹೇಳಬೇಕಾದ ಹೆಸರು ಊರ್ಮಿಳಾ ಯೂಲಿ ಚೌಧರಿ ಅವರದು. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ 1923ರಲ್ಲಿ ಹುಟ್ಟಿದ ಅವರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಿ, 1951ರಲ್ಲಿ ಚಂಡೀಗಢದ ತಂಡ ಸೇರಿದರು. ಫ್ರೆಂಚ್ ಚೆನ್ನಾಗಿ ಬಲ್ಲವರಾಗಿದ್ದರಿಂದ ಲೆ ಕಾರ್ಬೂಸಿಯೆ ಅವರೊಂದಿಗಿನ ವ್ಯವಹಾರಕ್ಕೂ ನೆರವಾದರು. ಗ್ರಂಥಾಲಯದ ಕುರ್ಚಿ ಸೇರಿದಂತೆ ಹಲವು ವಿನ್ಯಾಸಗಳಲ್ಲಿ ಅವರ ಕೈ ಇದೆ. ಮುಂದೆ ಅವರು ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯ ನಿರ್ದೇಶಕರಾದರು, ಹರಿಯಾಣ ಮತ್ತು ಪಂಜಾಬ್ ರಾಜ್ಯಗಳ ಮುಖ್ಯ ವಾಸ್ತುಶಿಲ್ಪಿಯೂ ಆದರು.

ಇಷ್ಟಿದ್ದರೂ ಹರಾಜುಪಟ್ಟಿಗಳಲ್ಲಿ ಬಹುಕಾಲ ಕಾಣಿಸಿಕೊಂಡದ್ದು ಜನ್ನರೆ ಹೆಸರೊಂದೇ. ಒಬ್ಬ ಕರ್ತೃವಿನ ಹೆಸರಿದ್ದರೆ ವಸ್ತುವಿಗೆ ಬೆಲೆ ಬರುತ್ತದೆ. ಕಚೇರಿಯ ಹೆಸರಿದ್ದರೆ ಬರುವುದಿಲ್ಲ. ಮರ ಕೊಯ್ದು, ಕೂಡಿಸಿ, ಬೆತ್ತ ಹೆಣೆದ ಬಡಗಿಗಳ ಹೆಸರುಗಳಂತೂ ಯಾವ ಪಟ್ಟಿಯಲ್ಲೂ ಇಲ್ಲ. ನಕ್ಷೆ ಒಂದೇ ಆದರೂ ಒಂದು ಕಾರ್ಯಾಗಾರದಿಂದ ಬಂದ ಕುರ್ಚಿಯ ಕಾಲು ಇನ್ನೊಂದರದ್ದಕ್ಕಿಂತ ದಪ್ಪವಾಗಿರುವುದು, ಕೈಯ ತುದಿ ಒಂದರಲ್ಲಿ ದುಂಡಾಗಿ ಇನ್ನೊಂದರಲ್ಲಿ ಚೌಕವಾಗಿರುವುದು ಇವುಗಳಲ್ಲಿ ಮಾತ್ರ ಅವರ ಗುರುತು ಉಳಿದಿದೆ. ನನ್ನ ಮಟ್ಟಿಗೆ ‘ಚಂಡೀಗಢ ಕುರ್ಚಿ’ ಎಂಬ ಹೆಸರೇ ‘ಜನ್ನರೆ ಕುರ್ಚಿ’ಗಿಂತ ಪ್ರಾಮಾಣಿಕವಾದದ್ದು.

ತೇಗ ಮತ್ತು ಬೆತ್ತವನ್ನೇ ಏಕೆ ಬಳಸಿದರು?

ಪ್ಯಾರಿಸ್‌ನಲ್ಲಿ ಉಕ್ಕಿನ ಕೊಳವೆ ಬಾಗಿಸಿ ಹೆಸರು ಮಾಡಿದವರು ಇಲ್ಲಿ ಮರಕ್ಕೆ ಬಂದದ್ದು ಸಹಜವಾಗಿಯೇ ಇತ್ತು. ಆಗ ಭಾರತದಲ್ಲಿ ಉಕ್ಕು ಸರ್ಕಾರದ ಹತೋಟಿಯಲ್ಲಿದ್ದ, ಸುಲಭಕ್ಕೆ ಸಿಗದ ಸರಕು. ಮರ ಮತ್ತು ಮರಗೆಲಸ ಬಲ್ಲವರು ಮಾತ್ರ ಬೇಕಾದಷ್ಟಿದ್ದರು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಗೆದ್ದಲು ಬೇಗ ಹತ್ತುವುದಿಲ್ಲ. ಮಳೆಗಾಲದ ತೇವಕ್ಕೂ ಬೇಸಿಗೆಯ ಒಣಹವೆಗೂ ಅದು ಇತರ ಮರಗಳಷ್ಟು ಸೊಟ್ಟಗಾಗುವುದಿಲ್ಲ. ತೇಗದ ಜೊತೆಗೆ ಉತ್ತರ ಭಾರತದ ಶೀಶಮ್ ಮರವನ್ನೂ ಬಳಸಿದರು. ನಮ್ಮ ಪಶ್ಚಿಮ ಘಟ್ಟದ ಬೀಟೆಯ ದಾಯಾದಿಯದು. ಎರಡೂ ಒಂದೇ ಕುಲಕ್ಕೆ ಸೇರಿದ ಬೇರೆ ಬೇರೆ ಮರಗಳು.

ಬೆತ್ತದ ಲೆಕ್ಕಾಚಾರ ಇನ್ನೂ ಸರಳ. ಮೇ-ಜೂನ್‌ನಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ, ಎಲ್ಲ ಕೋಣೆಗೂ ಹವಾನಿಯಂತ್ರಣವಿಲ್ಲದ ಕಾಲದಲ್ಲಿ, ಗುಮಾಸ್ತರು ದಿನವಿಡೀ ಕೂರುವ ಆಸನ ಗಾಳಿಯಾಡಬೇಕಿತ್ತು. ಬೆತ್ತ ಹರಿದರೆ ಇಡೀ ಕುರ್ಚಿ ಎಸೆಯಬೇಕಿಲ್ಲ, ಹೆಣೆಯುವವರನ್ನು ಕರೆಸಿದರೆ ಒಂದೆರಡು ದಿನದಲ್ಲಿ ಸರಿಯಾಗುತ್ತದೆ. ಮೂಲ ಕುರ್ಚಿಯ ಆಸನವನ್ನು ಹತ್ತಿರದಿಂದ ನೋಡಿದರೆ ಚೌಕಟ್ಟಿನ ಅಂಚಿನುದ್ದಕ್ಕೂ ಒತ್ತೊತ್ತಾಗಿ ಕೊರೆದ ಸಣ್ಣ ತೂತುಗಳು ಕಾಣುತ್ತವೆ. ಒಂದೊಂದು ಎಳೆಯನ್ನೂ ಅವುಗಳ ಮೂಲಕ ಎಳೆದು, ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಓರೆಯಾಗಿ ಹಾಯಿಸಿ ಹೆಣೆದಾಗ ನಡುವೆ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ.

ಕಾಲುಗಳಿಗೆ ಆ ಆಕಾರ ಎಲ್ಲಿಂದ ಬಂತು?

ನಕ್ಷೆ ಬರೆಯುವ ಕೈವಾರದ ಕಾಲುಗಳಂತಿವೆ ಎಂದು ಅದಕ್ಕೆ ಕೈವಾರದ ಕಾಲು ಎಂದೇ ಹೆಸರು. ವಾಸ್ತುಶಿಲ್ಪಿಯ ಕುರ್ಚಿಗೆ ಕೈವಾರದ ಕಾಲು ಎಂಬುದು ಕೇಳಲು ಚೆಂದ, ಆದರೆ ಅದರ ಕೆಲಸ ಅಲಂಕಾರವಲ್ಲ. ಮೂರು ತುಂಡು ಸೇರಿ ತ್ರಿಕೋನವಾದರೆ ಅದು ಅಲುಗಾಡುವುದಿಲ್ಲ. ನೆಟ್ಟಗಿನ ನಾಲ್ಕು ಕಾಲಿನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಾಗಲೆಲ್ಲ ಕೂಡಿಕೆಯ ಮೇಲೆ ಒತ್ತಡ ಬಿದ್ದು ಕೆಲವೇ ವರ್ಷಗಳಲ್ಲಿ ಕಿರಿಗುಟ್ಟತೊಡಗುತ್ತದೆ. ಓರೆಯಾದ ಕಾಲುಗಳು ಆ ಒತ್ತಡವನ್ನು ನೇರವಾಗಿ ನೆಲಕ್ಕೆ ಇಳಿಸುತ್ತವೆ. ಜೊತೆಗೆ ಇಲ್ಲಿ ಮರವನ್ನು ಬಾಗಿಸುವ, ಆವಿಯಲ್ಲಿ ಬೇಯಿಸುವ, ಕೆತ್ತುವ ಕೆಲಸವೇ ಇಲ್ಲ. ಎಲ್ಲವೂ ನೇರ ತುಂಡುಗಳು, ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಗರಗಸ, ಹತ್ತರಿ, ಉಳಿ ಇದ್ದ ಯಾವ ಬಡಗಿಯೂ ನಕ್ಷೆ ನೋಡಿ ಮಾಡಬಹುದಾದ ಕೆಲಸ. ಭಾರತಕ್ಕೆ ಬರುವ ಮುನ್ನವೇ ಜನ್ನರೆ ಅಮೆರಿಕದ ನೋಲ್ ಪೀಠೋಪಕರಣ ಕಂಪನಿಗಾಗಿ ಕತ್ತರಿಯಂತೆ ಹಾಯುವ ಕಾಲುಗಳ ಮರದ ಕುರ್ಚಿಯೊಂದನ್ನು ರೂಪಿಸಿದ್ದರು. ಓರೆ ಕಾಲಿನ ಯೋಚನೆ ಅಲ್ಲಿಂದಲೇ ಅವರ ಜೊತೆಗಿತ್ತು.

ಒಟ್ಟು ಎಷ್ಟು ಬಗೆಗಳಿವೆ?

ಕಚೇರಿಯ ಬೆತ್ತದ ಕುರ್ಚಿ, ಕೈಯಿಲ್ಲದ ಗ್ರಂಥಾಲಯ ಕುರ್ಚಿ, ಒಂದು ಕೈಯ ಮೇಲೆ ಬರೆಯುವ ಹಲಗೆ ಇರುವ ತರಗತಿಯ ಕುರ್ಚಿ, ದಪ್ಪ ಮೆತ್ತೆಯ ಸಮಿತಿ ಕುರ್ಚಿ, ನ್ಯಾಯಾಧೀಶರಿಗಾಗಿ ಮಾಡಿದ ಎತ್ತರದ ಒರಗಿನ ಚರ್ಮದ ಕುರ್ಚಿ, ವಕೀಲರ ಕುರ್ಚಿ, ನೆಲಕ್ಕೆ ಹತ್ತಿರವಾಗಿ ಹಿಂದಕ್ಕೆ ವಾಲಿದ ‘ಕಾಂಗರೂ’ ಕುರ್ಚಿ ಇವು ಹೆಚ್ಚು ಪರಿಚಿತವಾದವು. ಹುದ್ದೆ ಏರಿದಂತೆ ಮೆತ್ತೆಯೂ ಏರುತ್ತದೆ ಎಂಬುದನ್ನು ಗಮನಿಸಬಹುದು. ಸಮಾನತೆಯ ಹೊಸ ನಗರದಲ್ಲೂ ಸಾಹೇಬರ ಕುರ್ಚಿ ಸಾಹೇಬರದೇ.

ಕುರ್ಚಿಯ ಹಿಂಭಾಗದಲ್ಲಿ ಬಣ್ಣದಲ್ಲಿ ಬರೆದ ಅಕ್ಷರ ಮತ್ತು ಸಂಖ್ಯೆಗಳ ಅರ್ಥವೇನು?

ಅವು ಉಗ್ರಾಣದ ಲೆಕ್ಕದ ಗುರುತುಗಳು. ಯಾವ ಇಲಾಖೆ, ಯಾವ ಕಟ್ಟಡ, ದಾಸ್ತಾನು ಪುಸ್ತಕದಲ್ಲಿ ಎಷ್ಟನೆಯ ಸಂಖ್ಯೆ ಎಂಬುದನ್ನು ಅಕ್ಷರ ಕೊರೆದ ಅಚ್ಚುತಗಡಿನ ಮೇಲೆ ಬಣ್ಣ ಬಳಿದು ಮೂಡಿಸುತ್ತಿದ್ದರು. ನಮ್ಮ ಶಾಲೆಯ ಬೆಂಚುಗಳ ಮೇಲೆ, ತಾಲ್ಲೂಕು ಕಚೇರಿಯ ಬೀರುಗಳ ಮೇಲೆ ಇಂಥ ಬರಹ ಕಂಡವರಿಗೆ ಇದು ಹೊಸದಲ್ಲ. ಒಂದು ಕಾಲಕ್ಕೆ ಕುರ್ಚಿ ಕದಿಯದಿರಲೆಂದು ಬರೆದ ಆ ಅಕ್ಷರಗಳೇ ಈಗ ಮಾರುಕಟ್ಟೆಯಲ್ಲಿ ಬೆಲೆ ಏರಿಸುತ್ತವೆ. ದುರಸ್ತಿಯ ಹೆಸರಿನಲ್ಲಿ ಅವುಗಳನ್ನು ಉಜ್ಜಿ ಅಳಿಸಿದರೆ ಆ ಕುರ್ಚಿಯ ಜಾತಕವನ್ನೇ ಹರಿದಂತೆ.

ಇಷ್ಟು ಒಳ್ಳೆಯ ಕುರ್ಚಿಗಳನ್ನು ಎಸೆದದ್ದು ಏಕೆ?

ಯಾರೂ ಅವನ್ನು ‘ಒಳ್ಳೆಯ ಕುರ್ಚಿ’ ಎಂದುಕೊಂಡಿರಲಿಲ್ಲ. ಮೂವತ್ತು-ನಲವತ್ತು ವರ್ಷ ಬಳಸಿದ ಸರ್ಕಾರಿ ಸಾಮಾನು ಅದು. ಬೆತ್ತ ಹರಿದಿತ್ತು, ಕಾಲು ಸಡಿಲಾಗಿತ್ತು, ಹೆಣೆಯುವವರನ್ನು ಕರೆಸುವುದಕ್ಕಿಂತ ಫೋಮ್ ಮೆತ್ತೆಯ, ಚಕ್ರವಿರುವ ಹೊಸ ಕುರ್ಚಿ ತರಿಸುವುದು ಸುಲಭವೂ ಘನತೆಯದೂ ಆಗಿ ಕಾಣತೊಡಗಿತ್ತು. ಹಳೆಯವು ಮಹಡಿಯ ಮೇಲೆ, ಹಿತ್ತಲಲ್ಲಿ, ಮೆಟ್ಟಿಲ ಕೆಳಗೆ ಒಂದರ ಮೇಲೊಂದು ಗುಡ್ಡೆಯಾಗಿ ಬಿದ್ದು ಬಿಸಿಲು-ಮಳೆ ಕಂಡವು. ಕೆಲವು ಒಲೆಗೂ ಹೋದವು. ನಿಯಮದ ಪ್ರಕಾರ ‘ನಿರುಪಯುಕ್ತ’ ಎಂದು ದಾಖಲಿಸಿ ಲಾಟುಗಳಾಗಿ ಹರಾಜು ಹಾಕಿದಾಗ ಗುಜರಿ ವ್ಯಾಪಾರಿಗಳು ಸೌದೆಯ ಲೆಕ್ಕದಲ್ಲಿ ಕೊಂಡರು. ಇದನ್ನು ಓದಿ ಚಂಡೀಗಢದ ನೌಕರರನ್ನು ಬೈಯುವ ಮುನ್ನ ನಮ್ಮ ನಮ್ಮ ಮನೆಯ ಅಟ್ಟದಿಂದ ಏನೇನು ಇಳಿಸಿ ಸ್ಟೀಲು ಪಾತ್ರೆಯವನಿಗೆ ಕೊಟ್ಟಿದ್ದೇವೆ ಎಂದು ನೆನಪಿಸಿಕೊಂಡರೆ ಸಾಕು.

ಹೊರದೇಶದ ವ್ಯಾಪಾರಿಗಳು ಕದ್ದೊಯ್ದರೇ?

ಬಹುಪಾಲು ಕುರ್ಚಿಗಳ ವಿಷಯದಲ್ಲಿ ‘ಕದ್ದರು’ ಎಂಬ ಮಾತು ನಿಲ್ಲುವುದಿಲ್ಲ. 1990ರ ದಶಕದ ಕೊನೆಯಿಂದ ಎರಿಕ್ ತುಶಲೋಮ್, ಫಿಲಿಪ್ ಜೂಸ್, ಫ್ರಾನ್ಸ್ವಾ ಲಫನೂರ್, ಪ್ಯಾಟ್ರಿಕ್ ಸೆಗಾಂ ಮುಂತಾದ ಫ್ರೆಂಚ್ ವ್ಯಾಪಾರಿಗಳು ಇವುಗಳ ಬೆನ್ನು ಹತ್ತಿದರು. ಸರ್ಕಾರಿ ಹರಾಜುಗಳಲ್ಲೂ ಗುಜರಿಯವರಿಂದಲೂ ಹಣ ಕೊಟ್ಟು ಕೊಂಡು, ಕಂಟೇನರುಗಳಲ್ಲಿ ಸಾಗಿಸಿ, ಅಲ್ಲಿ ದುರಸ್ತಿ ಮಾಡಿಸಿ, ಪ್ರದರ್ಶನ ಏರ್ಪಡಿಸಿ, ಪುಸ್ತಕ ಬರೆಸಿ ಮಾರಿದರು. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಗಳು ಕೂಡ ಹರಾಜು ಮನೆಗಳಿಗೆ ಬಂದವು. ನೂರಾರು ರೂಪಾಯಿಗೆ ಹೋದ ಕುರ್ಚಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಲಕ್ಷಗಟ್ಟಲೆ ರೂಪಾಯಿ ಬಾಳತೊಡಗಿದ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆಯೇ ಇಲ್ಲಿ ಎಚ್ಚರವಾದದ್ದು.

ಆ ನಂತರ ಸರ್ಕಾರಿ ಕಟ್ಟಡಗಳಿಂದ ಕುರ್ಚಿಗಳು ಕಳವಾದ ಪ್ರಕರಣಗಳೂ ನಡೆದಿವೆ. ಆದ್ದರಿಂದ ಇಂದು ಮಾರುಕಟ್ಟೆಗೆ ಬರುವ ಪ್ರತಿ ಕುರ್ಚಿಯ ಹಿಂದಿನ ಕಾಗದಪತ್ರ ಕೇಳುವುದು ನ್ಯಾಯವೂ ಹೌದು, ಜಾಣತನವೂ ಹೌದು. ಅಲ್ಲದೆ ಕಾನೂನು ಒಂದು, ಔಚಿತ್ಯ ಇನ್ನೊಂದು. ರಸೀದಿ ಸರಿಯಿದೆ ಎಂದ ಮಾತ್ರಕ್ಕೆ, ಒಂದು ಸಾರ್ವಜನಿಕ ಕಟ್ಟಡಕ್ಕೆಂದೇ ಅಳತೆ ಮಾಡಿ ರೂಪಿಸಿದ ಸಾಮಾನು ಆ ಕಟ್ಟಡದಿಂದ ಬೇರೆಯಾದ ನಷ್ಟ ತುಂಬುವುದಿಲ್ಲ.

ಭಾರತ ಸರ್ಕಾರ ಇದನ್ನು ತಡೆಯಲಾರದೇ?

2011ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಚಂಡೀಗಢದ ಪಾರಂಪರಿಕ ಪೀಠೋಪಕರಣಗಳನ್ನು ಮಾರದಂತೆ, ಹರಾಜು ಹಾಕದಂತೆ ಆದೇಶ ಹೊರಡಿಸಿತು. ನಗರದಲ್ಲಿ ಉಳಿದಿರುವ ಇಂಥ ವಸ್ತುಗಳ ಪಟ್ಟಿ ಮಾಡಿದಾಗ ಸಿಕ್ಕ ಲೆಕ್ಕ 12,793. ಆದರೆ ಆಗಲೇ ಹೊರಗೆ ಹೋದವುಗಳನ್ನು ಮರಳಿ ತರುವುದು ಕಷ್ಟ, ಏಕೆಂದರೆ ಮಾರಿದ್ದು ಸರ್ಕಾರವೇ.

ಇನ್ನೊಂದು ತೊಡಕು ಕಾನೂನಿನದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಒಂದು ವಸ್ತು ಪ್ರಾಚ್ಯವಸ್ತು ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷ ಹಳೆಯದಾಗಿರಬೇಕು. ಹಸ್ತಪ್ರತಿಗಳಂಥವಕ್ಕೆ ಎಪ್ಪತ್ತೈದು ವರ್ಷ. 1950ರ ದಶಕದ ಕುರ್ಚಿಗೆ ಇನ್ನೂ ಆ ವಯಸ್ಸಾಗಿಲ್ಲ. ಅದೇ ಕಾಯ್ದೆಯಲ್ಲಿ ‘ಕಲಾನಿಧಿ’ ಎಂಬ ಇನ್ನೊಂದು ವರ್ಗವಿದೆ. ನೂರು ವರ್ಷವಾಗದ ಕಲಾಕೃತಿಯನ್ನೂ ಅದರ ಕಲಾಮೌಲ್ಯ ನೋಡಿ, ಕರ್ತೃ ಬದುಕಿಲ್ಲದಿದ್ದರೆ, ಕೇಂದ್ರ ಸರ್ಕಾರ ಹಾಗೆಂದು ಘೋಷಿಸಬಹುದು. ಸಾವಿರಾರು ಸಂಖ್ಯೆಯಲ್ಲಿ ಮಾಡಿಸಿದ ಕಚೇರಿ ಕುರ್ಚಿಯನ್ನು ಕಲಾಕೃತಿ ಎನ್ನುವುದು ಹೇಗೆ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. 2016ರಲ್ಲಿ ಯುನೆಸ್ಕೊ ಏಳು ದೇಶಗಳಲ್ಲಿರುವ ಲೆ ಕಾರ್ಬೂಸಿಯೆ ಅವರ 17 ನಿರ್ಮಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಅದರಲ್ಲಿತ್ತು. ಆ ಮನ್ನಣೆ ಕಟ್ಟಡಗಳ ತಾಣಕ್ಕೆ ಸಿಕ್ಕದ್ದೇ ಹೊರತು ಹೊರದೇಶ ಸೇರಿದ ಕುರ್ಚಿಗಳಿಗಲ್ಲ.

ಅಸಲಿ ಕುರ್ಚಿಯನ್ನು ಗುರುತಿಸುವುದು ಹೇಗೆ?

ಜನ್ನರೆ ಸಹಿ ಯಾವ ಕುರ್ಚಿಯ ಮೇಲೂ ಇಲ್ಲ. ಸಹಿ ತೋರಿಸಿ ಮಾರುವವರಿದ್ದರೆ ಅಲ್ಲಿಗೆ ಮಾತು ಮುಗಿಸಬಹುದು. ಇಲಾಖೆಯ ಗುರುತು ಇದ್ದರೆ ಒಳ್ಳೆಯದು, ಆದರೆ ಅಚ್ಚುತಗಡು ಮಾಡಿ ಬಣ್ಣ ಬಳಿಯುವುದು ಹತ್ತು ನಿಮಿಷದ ಕೆಲಸ. ಹಳೆಯ ಬಾಗಿಲು, ತೊಲೆಗಳ ತೇಗದಿಂದ ಹೊಸದಾಗಿ ಮಾಡಿದ ಕುರ್ಚಿಗಳೂ, ಒಂದು ಹಳೆಯ ಕುರ್ಚಿಯ ತುಂಡುಗಳನ್ನು ಎರಡು-ಮೂರಕ್ಕೆ ಹಂಚಿ ಮಾಡಿದವೂ ಇರುವುದರಿಂದ ಮರ ಹಳೆಯದು ಎಂಬುದೂ ಪುರಾವೆಯಾಗದು.

ಕುರ್ಚಿಯನ್ನು ಬೋರಲು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಕಾಲಿನ ತಳ ನೆಲಕ್ಕೆ ಉಜ್ಜಿ ಸವೆದಿರಬೇಕು, ಆ ಸವೆತ ನಾಲ್ಕೂ ಕಡೆ ಒಂದೇ ಸಮವಾಗಿರಬಾರದು. ಕೈಯ ಮುಂತುದಿಯಲ್ಲಿ, ಬೆರಳು ಮಡಿಸಿ ಹಿಡಿಯುವ ಕಡೆ, ಮರ ನುಣುಪಾಗಿ ಕಪ್ಪಾಗಿರಬೇಕು. ಎಷ್ಟೋ ಸಲ ಬೆತ್ತ ಬದಲಿಸಿದ ಚೌಕಟ್ಟಿನ ತೂತುಗಳ ಅಂಚು ದುಂಡಾಗಿ ಸವೆದಿರುತ್ತದೆ. ಕೂಡಿಕೆಗಳಲ್ಲಿ ಮರದ ಗೂಟಗಳನ್ನು ಹುಡುಕಬೇಕು. ನನಗೊಮ್ಮೆ ಮಾರಾಟಗಾರರೊಬ್ಬರು ಹೈಕೋರ್ಟಿನ ಗುರುತಿದ್ದ ಕುರ್ಚಿಯೊಂದನ್ನು ತೋರಿಸಿ ವಂಶಾವಳಿಯನ್ನೆಲ್ಲ ವಿವರಿಸಿದರು. ಆಸನದ ಅಡಿಯಲ್ಲಿ ಕೈಯಾಡಿಸಿದಾಗ ಸಿಕ್ಕಿದ್ದು ಅಡ್ಡ-ಉದ್ದ ಸೀಳಿನ ತಲೆಯ, ಫಳಫಳ ಹೊಳೆಯುವ ಯಂತ್ರದ ಸ್ಕ್ರೂ. ಹಳೆಯ ಕುರ್ಚಿಗೂ ದುರಸ್ತಿಯಲ್ಲಿ ಹೊಸ ಸ್ಕ್ರೂ ಬಂದಿರಬಹುದು ನಿಜ; ಆದರೆ ಆ ಸ್ಕ್ರೂವಿನ ಸುತ್ತ ಹಳೆಯ ತೂತಿನ ಗುರುತೇ ಇರಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಹೊಸದಾಗಿ ಮಾಡಿದವುಗಳನ್ನು ಕೊಳ್ಳಬಹುದೇ? ಅದು ಕಾನೂನುಬದ್ಧವೇ?

ಕೊಳ್ಳಬಹುದು. ಇಲ್ಲಿ ಕರ್ನಾಟಕಕ್ಕೂ ಒಂದು ನಿಜವಾದ ನಂಟಿದೆ: ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಸಂಸ್ಥೆ ಹಳೆಯ ಕುರ್ಚಿಗಳನ್ನು ಅಧ್ಯಯನ ಮಾಡಿ, ಬಡಗಿಗಳಿಂದಲೂ ಬೆತ್ತ ಹೆಣೆಯುವವರಿಂದಲೂ ಕೈಯಲ್ಲೇ ಮಾಡಿಸಿ ಅವುಗಳ ಮರುನಿರ್ಮಾಣವನ್ನು ದೇಶವಿದೇಶಗಳಿಗೆ ಕಳಿಸುತ್ತಿದೆ. ಇಟಲಿಯ ಕಸೀನಾ ಕಂಪನಿಯೂ 2019ರಲ್ಲಿ ಜನ್ನರೆ ಅವರಿಗೆ ಗೌರವ ಎಂಬ ಹೆಸರಿನಲ್ಲಿ ತನ್ನದೇ ಮಾಲಿಕೆ ತಂದಿತು. ಇವಲ್ಲದೆ ಪೀಠೋಪಕರಣ ಪೇಟೆಗಳಲ್ಲಿ ಅಗ್ಗದ ನಕಲುಗಳೂ ಸಿಗುತ್ತವೆ.

ಭಾರತದ ಕಾನೂನಿನಲ್ಲಿ ನೋಂದಾಯಿತ ವಿನ್ಯಾಸಕ್ಕೆ ಮೊದಲು ಹತ್ತು, ನವೀಕರಿಸಿದರೆ ಇನ್ನೈದು, ಒಟ್ಟು ಹದಿನೈದು ವರ್ಷ ರಕ್ಷಣೆ. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ಕ್ರಮದಲ್ಲಿ ಐವತ್ತಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಮೇಲಿನ ಕೃತಿಸ್ವಾಮ್ಯವೂ ಕೊನೆಗೊಳ್ಳುತ್ತದೆ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮು ಹೇಳುತ್ತದೆ. ಆದ್ದರಿಂದ ಇಂಥ ಕುರ್ಚಿ ಮಾಡುವುದು ಸಾಮಾನ್ಯವಾಗಿ ತಪ್ಪಲ್ಲ. ಹೊಸದನ್ನು ಮಾಡಿ ‘1955ರದ್ದು’ ಎಂದು ಮಾರುವುದು ಮೋಸ. ಹೊರದೇಶಕ್ಕೆ ಒಯ್ಯುವವರು ಆಯಾ ದೇಶದ ನಿಯಮ ವಿಚಾರಿಸುವುದು ಒಳ್ಳೆಯದು.

ಕೊಳ್ಳುವಾಗ ಬೆತ್ತವನ್ನು ಗಮನಿಸಿ. ಅಗ್ಗದ ಕುರ್ಚಿಗಳಲ್ಲಿ ಯಂತ್ರದಲ್ಲಿ ಹೆಣೆದ ಹಾಳೆಯನ್ನು ಚೌಕಟ್ಟಿನಲ್ಲಿ ಕೊರೆದ ಸೀಳಿನಲ್ಲಿ ಅಂಟಿನಿಂದ ಕೂರಿಸಿರುತ್ತಾರೆ. ಅದು ಒಮ್ಮೆ ಸಡಿಲಾದರೆ ಹಾಳೆಯನ್ನೇ ಬದಲಿಸಬೇಕು.

ಕೂರಲು ಹಿತವಾಗಿದೆಯೇ?

ಓದಲು, ಬರೆಯಲು, ಊಟಕ್ಕೆ ಬಹಳ ಹಿತ. ದಿನಕ್ಕೆ ಎಂಟು ಗಂಟೆ ಗಣಕದ ಮುಂದೆ ಕೂರುವವರಿಗೆ ಇದು ತಕ್ಕದ್ದಲ್ಲ. ಎತ್ತರ ಹೊಂದಿಸುವಂತಿಲ್ಲ, ಸೊಂಟದ ಬಳಿ ಆಸರೆ ಕಡಿಮೆ. ಕುರ್ಚಿ ತೂಕದ್ದು, ಒಂದೇ ಕೈಯಲ್ಲಿ ಎತ್ತಿ ಸರಿಸಲಾಗುವುದಿಲ್ಲ. ಸಣ್ಣ ಕೋಣೆಗೆ ತರುವ ಮುನ್ನ ಅಗಲಿಸಿದ ಕಾಲುಗಳ ಅಳತೆ ತೆಗೆದುಕೊಳ್ಳಿ. ದಾರಿಯಲ್ಲಿಟ್ಟರೆ ಮನೆಮಂದಿಯೆಲ್ಲ ಹೆಬ್ಬೆರಳು ಎಡವಿಸಿಕೊಳ್ಳುತ್ತಾರೆ.

ಆರೈಕೆ ಹೇಗೆ?

ಬೆತ್ತ ತೀರ ಒಣಗಿದರೆ ಬಿರಿಯುತ್ತದೆ, ತೀರ ತೇವವಾದರೆ ಬೂಷ್ಟು ಹಿಡಿಯುತ್ತದೆ. ಬೆಂಗಳೂರು ಮತ್ತು ಉತ್ತರ ಕರ್ನಾಟಕದ ಒಣ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಆಸನದ ತಳಭಾಗವನ್ನು ಒರೆಸಬೇಕು. ಎಳೆಯ ಮೇಲ್ಮೈ ನುಣುಪಾಗಿದ್ದು ನೀರು ಹೀರುವುದಿಲ್ಲವಾದ್ದರಿಂದ ತಳದಿಂದ ಒರೆಸುವುದೇ ಸರಿ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೆ ತಾಗಿಸದೆ ಗಾಳಿಯಾಡುವ ಕಡೆ ಇಡಬೇಕು. ಜೋತುಬಿದ್ದ ಬೆತ್ತವನ್ನು ತಳದಿಂದ ನೆನೆಸಿ ನೆರಳಲ್ಲಿ ಒಣಗಿಸಿದರೆ ಸ್ವಲ್ಪಮಟ್ಟಿಗೆ ಬಿಗಿಯಾಗುತ್ತದೆ. ಮರಕ್ಕೆ ವರ್ಷಕ್ಕೊಮ್ಮೆ ಮೇಣ ಸಾಕು. ಹೊಳೆಯುವ ವಾರ್ನಿಷ್ ಬಳಿದರೆ ಸವೆತದ ಗುರುತುಗಳೆಲ್ಲ ಮುಚ್ಚಿಹೋಗುತ್ತವೆ. ಬೆತ್ತದ ಆಸನದ ಮೇಲೆ ಯಾರೂ ಮಂಡಿಯೂರಿ ಹತ್ತಬಾರದು, ಬಲ್ಬು ಬದಲಿಸಲಂತೂ ಖಂಡಿತ ಬೇಡ.

ಮೂಲ ಕುರ್ಚಿಗಳನ್ನು ಎಲ್ಲಿ ನೋಡಬಹುದು?

ಚಂಡೀಗಢದಲ್ಲೇ. ಸೆಕ್ಟರ್ 5ರಲ್ಲಿ ಜನ್ನರೆ ವಾಸವಿದ್ದ 57ನೇ ಸಂಖ್ಯೆಯ ಮನೆ 2017ರಿಂದ ವಸ್ತುಸಂಗ್ರಹಾಲಯವಾಗಿದೆ. ಸೆಕ್ಟರ್ 19ರಲ್ಲಿ ಅಂದಿನ ವಾಸ್ತುಶಿಲ್ಪಿಗಳ ಕಚೇರಿಯಾಗಿದ್ದ ಕಟ್ಟಡ ಈಗ ಲೆ ಕಾರ್ಬೂಸಿಯೆ ಸೆಂಟರ್. ಸೆಕ್ಟರ್ 10ರಲ್ಲಿ ವಾಸ್ತುಶಿಲ್ಪ ಸಂಗ್ರಹಾಲಯವಿದೆ. ಜನ್ನರೆ ಅವರ ಕಾಗದಪತ್ರ, ಛಾಯಾಚಿತ್ರಗಳು ಮಾಂಟ್ರಿಯಲ್‌ನ ಕೆನಡಿಯನ್ ಸೆಂಟರ್ ಫಾರ್ ಆರ್ಕಿಟೆಕ್ಚರ್‌ನಲ್ಲಿವೆ.

ನಮ್ಮ ಅಜ್ಜನ ಮನೆಯಲ್ಲಿ ಬೆತ್ತದ ಕೈಕುರ್ಚಿ ಇದೆ. ಅದು ಚಂಡೀಗಢದ್ದಿರಬಹುದೇ?

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಬರುತ್ತದೆ, ಉತ್ತರ ಹೆಚ್ಚುಕಡಿಮೆ ಯಾವಾಗಲೂ ‘ಇಲ್ಲ’. ಬೆತ್ತದ ಆಸನದ ಮರದ ಕುರ್ಚಿ ಬ್ರಿಟಿಷರ ಕಾಲದಿಂದ ದೇಶದ ಎಲ್ಲ ಕಚೇರಿ, ಬಂಗಲೆಗಳಲ್ಲಿತ್ತು. ಕಾಲುಗಳು ಕಡೆದಂತೆ ದುಂಡಾಗಿದ್ದರೆ, ಒರಗಿನಲ್ಲಿ ಕೆತ್ತನೆಯಿದ್ದರೆ, ಕಾಫಿ ತೋಟದ ಮನೆಗಳಲ್ಲಿರುವ ಈಸಿಚೇರಿನಂತೆ ಕಾಲು ಚಾಚಲು ಉದ್ದನೆಯ ಕೈಗಳಿದ್ದರೆ ಅದು ಬೇರೆಯದೇ ಮನೆತನದ ಕುರ್ಚಿ. ಗುಜರಿಗೆ ಹಾಕಬೇಡಿ. ಅಡಿಯಲ್ಲಿ ಗೆದ್ದಲಿನ ಹುಡಿ ಇದೆಯೇ ಎಂದು ನೋಡಿ, ಸಡಿಲಾದ ಗೂಟಗಳನ್ನು ಬಡಗಿಯಿಂದ ಬಿಗಿ ಮಾಡಿಸಿ, ಬೆತ್ತ ಹೆಣೆಯುವವರು ಊರಿನಲ್ಲಿ ಇನ್ನೂ ಇದ್ದಾರೆಯೇ ವಿಚಾರಿಸಿ. ಇದ್ದರೆ ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿಸಿಕೊಳ್ಳಿ.